ಕೂಗುವ ಯಂತ್ರ, ತಿರುಗಿಸುವ ಕೈ

(ಪುಣೆಯ ಕನ್ನಡ ಹೋಟೆಲು ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ರಜೆ, ಪ್ರಾವಿಡೆಂಟ್ ಫಂಡುಗಳ ಮಾತು ನಡೆಯುವ ಈ ವೇದಿಕೆಯಲ್ಲಿ ಇಂದು ನಾವು ಭೋಂಗಾದ ಮೇಲೆ ಮಾತನಾಡಲು ನಿಂತಿದ್ದೇವೆ. ಕೆಲವರು ಈಗಲೇ ನಗುತ್ತಿದ್ದೀರಿ. ನಗಬಾರದೆಂದು ನಾವು ಹೇಳುವುದಿಲ್ಲ. ಸಂಘದ ಕೋಣೆಯ ಮೂಲೆಯಲ್ಲಿ ಹಳೆಯ ಸೈರನ್ನುಗಳನ್ನು ಗುಡ್ಡೆ ಹಾಕಿಕೊಂಡು, ವಾರದ ರಜೆಯ ದಿನ ಮೈಕೈಗೆ ಗ್ರೀಸು ಮೆತ್ತಿಕೊಂಡು ಕೂತಿರುವ ನಮ್ಮ ನಾಲ್ವರನ್ನು ಕಂಡು, "ಇವರಿಗೆ ಮಾಡಲು ಬೇರೆ ಕೆಲಸವಿಲ್ಲವೇ?" ಎಂದು ಕೇಳಿದವರು ಹಲವರು. ಕೆಲಸ ಬೇಕಾದಷ್ಟಿದೆ. ಇದು ಹವ್ಯಾಸ. ಕೆಲವರು ಅಂಚೆಚೀಟಿ ಕೂಡಿಡುತ್ತಾರೆ, ಕೆಲವರು ಹಳೆಯ ನಾಣ್ಯ ಕೂಡಿಡುತ್ತಾರೆ. ನಾವು ಕೂಗುವ ಯಂತ್ರಗಳನ್ನು ಕೂಡಿಟ್ಟೆವು. ಈ ಹುಚ್ಚು ಹೇಗೆ ಹಿಡಿಯಿತು, ಇದರಿಂದ ನಾವೇನು ಕಲಿತೆವು, ಅದರಲ್ಲಿ ನಿಮಗೆ ಬೇಕಾದದ್ದೇನು, ಇಷ್ಟನ್ನು ಹೇಳಿ ಕೂತುಬಿಡುತ್ತೇವೆ.

ಮೊದಲು ಒಂದು ರಾತ್ರಿಯ ಕಥೆ. ಕೆಲವು ವರ್ಷಗಳ ಹಿಂದೆ ನಾವು ಈ ಊರಿನ ನದಿಯ ಹತ್ತಿರದ ಒಂದು ಹೋಟೆಲಿನಲ್ಲಿದ್ದೆವು. ಕೆಲಸ ಮುಗಿದ ಮೇಲೆ ಹುಡುಗರೆಲ್ಲ ಮಲಗುತ್ತಿದ್ದದ್ದು ನೆಲದ ಕೆಳಗಿನ ಗೋಡೌನಿನಲ್ಲಿ, ಅಕ್ಕಿಯ ಮೂಟೆಗಳ ಪಕ್ಕದಲ್ಲಿ. ಅಲ್ಲಿ ಕಿಟಕಿಯಿಲ್ಲ, ಇರುವುದು ಒಂದೇ ಮೆಟ್ಟಿಲು. ಮಳೆಗಾಲ. ಎರಡು ದಿನದಿಂದ ಮಳೆ ನಿಂತಿರಲಿಲ್ಲ. ಹದಿನಾರು ಗಂಟೆ ಕಾಲ ಮೇಲೆ ನಿಂತವರ ನಿದ್ದೆ ಎಂಥದ್ದೆಂದು ನಿಮಗೆ ಹೇಳಬೇಕಾಗಿಲ್ಲ. ಮೋರಿಯಿಂದ ನೀರು ಹಿಂದಕ್ಕೆ ನುಗ್ಗಿ ಚಾಪೆ ಒದ್ದೆಯಾದರೂ ನಮಗೆ ಎಚ್ಚರವಾಗಲಿಲ್ಲ. ಮೊಬೈಲುಗಳು ಇದ್ದವು, ಆದರೆ ಎಲ್ಲವೂ ಮೇಲೆ ಗಲ್ಲಾದ ಹತ್ತಿರ ಚಾರ್ಜಿಗೆ ಇದ್ದವು. ನಮ್ಮನ್ನು ಎಬ್ಬಿಸಿದ್ದು ಒಬ್ಬ ಮುದಿ ಭಟ್ಟರು. ನಸುಕಿನಲ್ಲಿ ಹಾಲಿನವನಿಗೆ ಬಾಗಿಲು ತೆಗೆಯಲು ಎದ್ದವರು ಮೆಟ್ಟಿಲ ಮೇಲೆ ನಿಂತು, ಸಾಂಬಾರಿನ ಕೊಳಗವನ್ನು ಕಬ್ಬಿಣದ ಸೌಟಿನಿಂದ ಬಡಿದರು. ಒಂದೇ ಸಮನೆ, ತೋಳು ಸೋಲುವವರೆಗೆ ಬಡಿದರು. ಮೊಣಕಾಲಿನ ನೀರಿನಲ್ಲಿ ನಾವು ಹೊರಗೆ ಬಂದೆವು. ಯಾರಿಗೂ ಏನೂ ಆಗಲಿಲ್ಲ. ಹಾಳಾದದ್ದು ಅಕ್ಕಿ ಮಾತ್ರ, ಅದರ ಲೆಕ್ಕವನ್ನು ಮರುದಿನ ಬಹಳ ಹೊತ್ತು ಹಾಕಿದರು.

ಆ ಕೊಳಗದ ಸದ್ದು ನಮ್ಮ ಕಿವಿಯಿಂದ ಹೋಗಲಿಲ್ಲ. ಅಪಾಯವನ್ನು ಸಾರುವ ಯಂತ್ರ ಎಂಥದ್ದಿರಬೇಕು ಎಂಬ ಯೋಚನೆ ಅಲ್ಲಿಂದಲೇ ಹತ್ತಿತು.

ಪುಣೆಯಲ್ಲಿ ಇಂಥ ಯೋಚನೆಗೆ ಕಾರಣ ಹುಡುಕುವುದು ಬೇಡ. ಈ ಊರಿನ ಹಳಬರು ಇಂದಿಗೂ ಕಾಲವನ್ನು ಎರಡು ಭಾಗ ಮಾಡುತ್ತಾರೆ: ಪಾನ್‌ಶೇತದ ಮೊದಲು, ಪಾನ್‌ಶೇತದ ನಂತರ. 1961ರ ಜುಲೈ 12, ಬುಧವಾರ. ಅಂಬಿ ನದಿಗೆ ಕಟ್ಟುತ್ತಿದ್ದ ಪಾನ್‌ಶೇತದ ಮಣ್ಣಿನ ಅಣೆಕಟ್ಟು ಕೆಲಸ ಪೂರ್ತಿಯಾಗುವ ಮೊದಲೇ ತುಂಬಿತು. ಸೈನಿಕರು ಮರಳಿನ ಚೀಲಗಳನ್ನು ಒಟ್ಟಿ ರಾತ್ರಿಯೆಲ್ಲ ಹೆಣಗಿದರೂ ಬೆಳಗ್ಗೆ ಅದು ಒಡೆಯಿತು. ಆ ನೀರು ಕೆಳಗಿನ ಖಡಕವಾಸ್ಲಾಕ್ಕೆ ಬಂತು. ಬ್ರಿಟಿಷರ ಕಾಲದ ಆ ಕಲ್ಲಿನ ಅಣೆಕಟ್ಟೂ ಒಡೆಯಿತು. ಪುಣೆಗೆ ಕುಡಿಯುವ ನೀರು ಕೊಡುತ್ತಿದ್ದ ಕೆರೆಯೇ ಪುಣೆಯ ಮೇಲೆ ಬಂದು ಬಿತ್ತು. ನದಿಯ ಬದಿಯ ಪೇಟೆಗಳಲ್ಲಿ ಹಳೆಯ ವಾಡೆಗಳು ಕುಸಿದವು. ಲಕಡೀ ಪೂಲಿನ ಮೇಲೆ ನೀರು ಹರಿಯಿತು. ಸುಮಾರು 1,000 ಜನ ಸತ್ತರೆಂದು ಹೇಳುತ್ತಾರೆ. ಸಾವಿರಾರು ಕುಟುಂಬಗಳು ಮನೆ ಕಳೆದುಕೊಂಡವು.

ಇದರಲ್ಲಿ ನಮ್ಮ ಹವ್ಯಾಸಕ್ಕೆ ಸಂಬಂಧಪಟ್ಟ ಎರಡು ಮಾತುಗಳಿವೆ. ಪಾನ್‌ಶೇತ ಇಲ್ಲಿಂದ ಕೂಗಳತೆಯಲ್ಲಿಲ್ಲ. ಅದು ಹಲವು ಹತ್ತು ಕಿಲೋಮೀಟರು ದೂರ. ಅಲ್ಲಿ ಒಡೆದ ನೀರು ಇಲ್ಲಿಗೆ ಬರಲು ಗಂಟೆಗಳೇ ಬೇಕಾದವು. ಗಂಟೆ ಎಂದರೆ ಸಣ್ಣದಲ್ಲ, ಮುದುಕರನ್ನೂ ಮಕ್ಕಳನ್ನೂ ಎತ್ತಿಕೊಂಡು ಪರ್ವತಿ ಗುಡ್ಡ ಹತ್ತುವಷ್ಟು ಹೊತ್ತು. ಎರಡನೆಯದಾಗಿ, ಆ ದಿನ ಊರಿನ ವಿದ್ಯುತ್ತು ಹೋಯಿತು. ವಿದ್ಯುತ್ತಿನ ಮೇಲೆ ನಡೆಯುವ ಯಾವ ಯಂತ್ರವೂ ನೀರು ಬಂದ ಮೇಲೆ ಕೂಗಲಾರದು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಈಗ ಸೈರನ್ನು ಎಂದರೇನೆಂದು ಹೇಳೋಣ. ನಮ್ಮ ನಾಲ್ವರಲ್ಲಿ ಯಾರೂ ಏಳನೆಯ ಇಯತ್ತೆ ದಾಟಿದವರಲ್ಲ. ನಮಗೆ ತಿಳಿದದ್ದು ನಿಮಗೆ ತಿಳಿಯದೆ ಹೋಗದು. ಒಂದು ಚಕ್ರ, ಅದರ ಅಂಚಿನಲ್ಲಿ ಸಮಾನ ಅಂತರದ ಕಿಂಡಿಗಳು. ಅದರ ಸುತ್ತ ಒಂದು ಡಬ್ಬಿ, ಡಬ್ಬಿಗೂ ಅಷ್ಟೇ ಕಿಂಡಿಗಳು. ಚಕ್ರ ತಿರುಗಿದಾಗ ನಡುವಿನಿಂದ ಗಾಳಿಯನ್ನು ಎಳೆದು ಅಂಚಿಗೆ ಎಸೆಯುತ್ತದೆ. ಕಿಂಡಿಗೆ ಕಿಂಡಿ ಕೂಡಿದಾಗ ಗಾಳಿ ಹೊರಗೆ ಹಾರುತ್ತದೆ, ಕೂಡದಾಗ ನಿಲ್ಲುತ್ತದೆ. ಒಂದು ಸೆಕೆಂಡಿಗೆ ನೂರಾರು ಸಲ ಹೀಗೆ ತೆರೆದು ಮುಚ್ಚಿದರೆ ಅದೇ ಕೂಗು. ಚಕ್ರ ವೇಗವಾದಂತೆ ಸ್ವರ ಏರುತ್ತದೆ, ನಿಧಾನವಾದಂತೆ ಇಳಿಯುತ್ತದೆ. ಕೇಳುವವರ ಹೊಟ್ಟೆ ತೊಳಸುವ ಆ ಏರಿಳಿತದ ಗುಟ್ಟು ಇಷ್ಟೇ. ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್ ಎಂಬ ವಿಜ್ಞಾನಿ 1819ರಲ್ಲಿ ಇಂಥ ಸಾಧನವನ್ನು ಮಾಡಿ ಸೈರನ್ನೆಂದು ಹೆಸರಿಟ್ಟ. ಅದು ನೀರಿನೊಳಗೂ ಕೂಗಬಲ್ಲದಾಗಿತ್ತು, ಆದ್ದರಿಂದ ಗ್ರೀಕರ ಪುರಾಣದಲ್ಲಿ ಹಾಡಿ ಹಡಗಿನವರನ್ನು ಸೆಳೆಯುತ್ತಿದ್ದ ಮಾಯಾಂಗನೆಯರ ಹೆಸರು ಅದಕ್ಕೆ ಬಂತು. ಅವರ ಹಾಡು ಜನರನ್ನು ಅಪಾಯಕ್ಕೆ ಎಳೆಯುತ್ತಿತ್ತು. ನಮ್ಮ ಯಂತ್ರದ್ದು ತಿರುಗು ಕೆಲಸ.

ನಮ್ಮ ಮೊದಲನೆಯ ಸೈರನ್ನು ಸಿಕ್ಕಿದ್ದು ಜೂನಾ ಬಾಜಾರದಲ್ಲಿ. ಬುಧವಾರ ಮತ್ತು ಭಾನುವಾರ ಅಲ್ಲಿ ಹಳೆಯ ಸಾಮಾನಿನ ಸಂತೆ ನೆರೆಯುವುದು ನಿಮಗೆ ಗೊತ್ತು. ಮುರಿದ ಫ್ಯಾನು, ಬೀಗ, ತೂಕದ ಕಲ್ಲುಗಳ ನಡುವೆ ಕಾಲು ಮುರಿದ ಒಂದು ಕೈಸೈರನ್ನು ಬಿದ್ದಿತ್ತು. ಮಾರುವವನಿಗೆ ಅದು ಏನೆಂದು ತಿಳಿದಿರಲಿಲ್ಲ, ಕಬ್ಬಿಣದ ತೂಕಕ್ಕೆ ಕೊಟ್ಟ. ತಂದು ಬಿಚ್ಚಿದೆವು. ಗ್ರೀಸು ಒಣಗಿ ಅರಗಿನಂತಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಹಾಕಿ, ಬೇರಿಂಗು ಬದಲಿಸಿ, ಹಲ್ಲುಚಕ್ರ ಉಜ್ಜಿ ಜೋಡಿಸಿದೆವು. ಹಿಡಿಕೆ ಒಂದು ಸುತ್ತು ತಿರುಗಿದರೆ ಒಳಗಿನ ಚಕ್ರ 42 ಸುತ್ತು ತಿರುಗುತ್ತದೆಂದು ಬೆರಳಿಟ್ಟು ಎಣಿಸಿದೆವು. ಚಕ್ರಕ್ಕೆ 8 ಕಿಂಡಿ. ಸೆಕೆಂಡಿಗೆ ಒಂದು ಸುತ್ತು ಹಿಡಿಕೆ ತಿರುಗಿಸಿದರೆ 42ನ್ನು 8ರಿಂದ ಗುಣಿಸಿ 336 ಬಡಿತ. ಶಾಲೆಯಲ್ಲಿ ಹೊಡೆತ ತಿಂದು ಕಲಿತ ಮಗ್ಗಿ ಇಷ್ಟು ಜೋರಾಗಿ ಕೂಗೀತೆಂದು ನಾವು ಎಣಿಸಿರಲಿಲ್ಲ!

ಎರಡನೆಯದು ಗುಜರಿಯಿಂದ ಬಂದ ವಿದ್ಯುತ್ತಿನ ಸೈರನ್ನು. ಮೋಟಾರಿನ ವೈಂಡಿಂಗು ಸುಟ್ಟುಹೋಗಿತ್ತು. ತಾಪಕೀರ್ ಗಲ್ಲಿಯಲ್ಲಿ ತಾಮ್ರದ ತಂತಿ ತಂದು, ಬಲ್ಲವರ ಕೈಯಿಂದ ಕಟ್ಟಿಸಿದೆವು. ಅದು ಥ್ರೀ ಫೇಸ್ ಮೋಟಾರು. ನಮ್ಮ ಕೋಣೆಗೆ ಇರುವುದು ಸಿಂಗಲ್ ಫೇಸ್. ಹೀಗಾಗಿ ಗುಣವಾದ ಯಂತ್ರ ತಿಂಗಳುಗಟ್ಟಲೆ ಮೂಕವಾಗಿ ಕೂತಿತು. ಮೇಲಾಗಿ ಇಂಥ ಮೋಟಾರು ಹೊರಡುವ ಗಳಿಗೆಯಲ್ಲಿ ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಹೋಟೆಲಿನಲ್ಲಿ ದೊಡ್ಡ ಗ್ರೈಂಡರು ಹೊರಟಾಗ ದೀಪ ಮಂಕಾಗುವುದನ್ನು ನೀವು ದಿನವೂ ಕಾಣುತ್ತೀರಿ, ಅದೇ ಕಾರಣ.

ಮೂರನೆಯದನ್ನು ನಾವೇ ಮಾಡಿದೆವು. ಮೂಲೆಗೆ ಬಿದ್ದ ಇಡ್ಲಿ ಗ್ರೈಂಡರಿನ ಮೋಟಾರು ನಿಮಿಷಕ್ಕೆ 1,440 ಸುತ್ತು, ಎಂದರೆ ಸೆಕೆಂಡಿಗೆ 24. ಪಟ್ಟಿ ಹಾಕಿ ಅದನ್ನು ಎರಡು ಪಟ್ಟು ಮಾಡಿದರೆ 48. ಹತ್ತು ಕಿಂಡಿಯ ಚಕ್ರಕ್ಕೆ 480 ಬಡಿತ. ಲೆಕ್ಕ ಸರಿಯಿತ್ತು, ಚಕ್ರ ಸರಿಯಿರಲಿಲ್ಲ. ಹಳೆಯ ಅಲ್ಯೂಮಿನಿಯಂ ಪಾತ್ರೆಯ ತಳವನ್ನು ಕತ್ತರಿಸಿ ಚಕ್ರ ಮಾಡಿದ್ದೆವು. ತೂಕ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ವೇಗ ಏರಿದಂತೆ ನಡುಗಿ, ಕಿತ್ತುಕೊಂಡು ಹೋಗಿ ಗೋಡೆಗೆ ಬಡಿಯಿತು. ಗಾರೆಯಲ್ಲಿ ಆದ ಆ ಗಾಯವನ್ನು ಮುಚ್ಚದೆ ಹಾಗೆಯೇ ಬಿಟ್ಟಿದ್ದೇವೆ, ಹೊಸಬರಿಗೆ ತೋರಿಸಲು. ಅಂದು ಎದುರಿಗೆ ಯಾರೂ ನಿಂತಿರಲಿಲ್ಲ, ಅದು ನಮ್ಮ ಜಾಣತನವಲ್ಲ, ಪುಣ್ಯ. ಆಮೇಲೆ ಚಕ್ರವನ್ನು ಲೇತಿನ ಮೇಲೆ ಮಾಡಿಸಿ, ತೂಕ ಸಮ ಮಾಡಿಸಿ, ಸುತ್ತ ಗಟ್ಟಿ ಕವಚ ಹಾಕಿದೆವು.

ಇಂಥ ಹುಚ್ಚು ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ಯುದ್ಧಭಯದ ಕಾಲದ ಸೈರನ್ನುಗಳನ್ನು ಕಂಬದಿಂದ ಇಳಿಸಿ ತಂದು ಮನೆಯ ಹಿತ್ತಲಲ್ಲಿ ಗುಣಮಾಡುವವರು ಬಹಳ ಜನ. 1950ರ ದಶಕದಲ್ಲಿ ಅಲ್ಲಿ ಕ್ರೈಸ್ಲರ್ ಕಂಪೆನಿ ಮಾಡಿದ ಒಂದು ಸೈರನ್ನಿಗೆ 180 ಅಶ್ವಶಕ್ತಿಯ ಕಾರಿನ ಎಂಜಿನ್ನನ್ನೇ ಜೋಡಿಸಿದ್ದರು. 100 ಅಡಿ ದೂರದಲ್ಲಿ ಅದರ ಸದ್ದು 138 ಡೆಸಿಬೆಲ್. 120ಕ್ಕೇ ಮನುಷ್ಯನ ಕಿವಿ ನೋಯತೊಡಗುತ್ತದೆ. ಅಷ್ಟು ದೊಡ್ಡ ಯಂತ್ರ ನಮಗೆ ಬೇಡ. ಆದರೆ ಅಲ್ಲಿಯ ವಿಚಾರ ಒಂದು ಬೇಕು: ಅದು ಊರಿನ ಕರೆಂಟನ್ನು ನೆಚ್ಚಿಕೊಂಡಿರಲಿಲ್ಲ, ತನ್ನ ಶಕ್ತಿಯನ್ನು ತಾನೇ ಹೊತ್ತಿತ್ತು.

ಹಾಗಾದರೆ ನಮ್ಮದಕ್ಕೆ ಶಕ್ತಿ ಯಾವುದು? ಕಾರಿನ ಬ್ಯಾಟರಿಯಿಂದ ಪ್ರಯತ್ನಿಸಿದೆವು. 12 ವೋಲ್ಟಿನ, 250 ವಾಟಿನ ಮೋಟಾರಿಗೆ 21 ಆಂಪಿಯರಿನಷ್ಟು ಬೇಕು. ಎರಡು ನಿಮಿಷ ಕೂಗಿದರೆ ಬ್ಯಾಟರಿಗೆ ಅದು ದೊಡ್ಡ ಹೊರೆಯಲ್ಲ. ಆದರೆ ಬ್ಯಾಟರಿ ವರ್ಷವಿಡೀ ತುಂಬಿರಬೇಕು. ಅದನ್ನು ನೋಡಿಕೊಳ್ಳುವವನು ಬೇಕು. ಒಂದು ಸಲ ಮೂರು ತಿಂಗಳು ಮರೆತೆವು, ಗುಂಡಿ ಒತ್ತಿದಾಗ ಮೋಟಾರು "ಟಕ್" ಎಂದು ಸುಮ್ಮನಾಯಿತು. ಅದೇ ದಿನ ಮೂಲೆಯ ಕೈಸೈರನ್ನಿನ ಹಿಡಿಕೆ ತಿರುಗಿಸಿದೆವು, ಅದು ಯಾವ ತಕರಾರೂ ಇಲ್ಲದೆ ಎದ್ದು ಕೂಗಿತು. ಇಷ್ಟು ವರ್ಷದ ಗ್ರೀಸು, ತಂತಿ, ಖರ್ಚುಗಳಿಂದ ನಾವು ಕಲಿತದ್ದು ಇದು: ಸೈರನ್ನಿನ ಯೋಗ್ಯತೆ ಅದರ ಗಂಟಲಿನಲ್ಲಿಲ್ಲ. ಕರೆಂಟು ಹೋದ ದಿನ ಅದನ್ನು ಯಾರು ತಿರುಗಿಸುತ್ತಾರೆ, ಕೇಳಿದವರಿಗೆ ಅದರ ಅರ್ಥ ಗೊತ್ತಿದೆಯೇ, ಈ ಎರಡರಲ್ಲಿದೆ.

ಅರ್ಥದ ಮಾತನ್ನು ನೋಡಿ. ಹುಬ್ಬಳ್ಳಿ, ಗೋಕಾಕ, ದಾವಣಗೆರೆಯ ಕಡೆಯಿಂದ ಬಂದ ಬಂಧುಗಳು ಇಲ್ಲಿದ್ದೀರಿ. ಗಿರಣಿಯ ಭೋಂಗಾ ಕೂಗಿದರೆ ಇಡೀ ಓಣಿಗೆ ಅದೇ ಗಡಿಯಾರವಾಗಿದ್ದುದನ್ನು ನಿಮ್ಮ ಹಿರಿಯರು ಹೇಳಿರುತ್ತಾರೆ. ಕೋಲಾರದ ಚಿನ್ನದ ಗಣಿಯಲ್ಲಿ ಪಾಳಿಯ ಕೂಗು ಬಂದಾಗ ಒಂದು ಸಾಲು ಇಳಿಯುತ್ತಿತ್ತು, ಒಂದು ಸಾಲು ಏರುತ್ತಿತ್ತು. ಆ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ನಮ್ಮ ಪುಣೆಯ ನಿಲ್ದಾಣದ ಹತ್ತಿರದ ರಾಜಾ ಬಹಾದ್ದೂರ್ ಗಿರಣಿಯ ಆವರಣದಲ್ಲಿ ಈಗ ಊಟದ ಹೋಟೆಲುಗಳಿವೆ. ನೂಲುವವರ ಜಾಗದಲ್ಲಿ ಬಡಿಸುವವರು ನಿಂತಿದ್ದಾರೆ. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವದವರು 2022ರಲ್ಲಿ ಇನ್ನೊಂದು ಅರ್ಥ ಕೊಟ್ಟರು: ಸಂಜೆ 7ಕ್ಕೆ ಸೈರನ್ನು ಕೂಗಿದರೆ ಒಂದೂವರೆ ಗಂಟೆ ಟೀವಿ ಮೊಬೈಲು ಬಂದ್, ಮಕ್ಕಳು ಓದಿಗೆ ಕೂರಬೇಕು. ಪ್ರತಿ ಜನವರಿ 30ರಂದು ಬೆಳಗ್ಗೆ 11 ಗಂಟೆಗೆ ಹುತಾತ್ಮರ ನೆನಪಿಗಾಗಿ ಎರಡು ನಿಮಿಷ ಮೌನವಾಗಿ ನಿಲ್ಲಬೇಕೆಂದು ಸೈರನ್ನೇ ನಮಗೆ ನೆನಪು ಮಾಡುತ್ತದೆ. ಯುದ್ಧದ ಕಾಲದ ಭಾಷೆ ಬೇರೆ: ಏರಿಳಿಯುವ ಕೂಗು ಅಪಾಯ, ಏಕಸ್ವರದ ಕೂಗು ಅಪಾಯ ಕಳೆದದ್ದು. 1965ರಲ್ಲಿ, 1971ರಲ್ಲಿ ಇದು ಮಕ್ಕಳಿಗೂ ಗೊತ್ತಿತ್ತು. 2025ರ ಮೇ 7ರಂದು ದೇಶದ ಹಲವು ಜಿಲ್ಲೆಗಳಲ್ಲಿ, ನಮ್ಮ ಪುಣೆಯಲ್ಲೂ, ನಾಗರಿಕ ರಕ್ಷಣೆಯ ತಾಲೀಮು ನಡೆದಾಗ ನಮ್ಮ ಹೋಟೆಲು ಹುಡುಗರನ್ನು ಕೇಳಿದೆವು: "ಯಾವ ಕೂಗಿಗೆ ಏನು ಮಾಡಬೇಕು?" ಹತ್ತರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ.

ಅರ್ಥ ಗೊತ್ತಿದ್ದರೂ ಕೂಗೇ ನಿಂತರೆ ಏನಾಗುತ್ತದೆಂಬುದಕ್ಕೆ ಭೋಪಾಲವೇ ಸಾಕ್ಷಿ. 1984ರ ಡಿಸೆಂಬರ್ 2ರ ನಡುರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಗಾಳಿ ಹೊರಬಿತ್ತು. ಹೊರಗಿನ ಜನರಿಗೆ ಕೇಳುವ ಸೈರನ್ನು ಸ್ವಲ್ಪ ಹೊತ್ತು ಕೂಗಿ ನಿಂತಿತು. ಅದು ಮತ್ತೆ ಜೋರಾಗಿ ಕೂಗುವ ಹೊತ್ತಿಗೆ ವಿಷ ಗುಡಿಸಲುಗಳೊಳಗೆ ಇತ್ತು. ಗೋಡೆಯ ಪಕ್ಕದಲ್ಲೇ ಮಲಗಿದ್ದವರು ಯಾರು? ಬಡವರು, ಕೂಲಿಯವರು. ಅಪಾಯಕ್ಕೆ ಹತ್ತಿರ ಮಲಗುವವನಿಗೇ ಸುದ್ದಿ ಕಡೆಗೆ ಮುಟ್ಟುವುದು ಈ ಲೋಕದ ರೂಢಿ.

ಇದು ಹಳೆಯ ಕಥೆಯೆಂದು ತಳ್ಳಬೇಡಿ. 2024ರ ಜುಲೈ 25ರಂದು ಬಿಡದೆ ಸುರಿದ ಮಳೆಯೂ ಖಡಕವಾಸ್ಲಾದಿಂದ ಬಿಟ್ಟ ನೀರೂ ಕೂಡಿ ಸಿಂಹಗಡ ರಸ್ತೆಯ ಏಕತಾನಗರಿಯ ಮನೆಗಳಿಗೆ ನೀರು ನುಗ್ಗಿತು. ಅದೇ ದಿನ ನಸುಕಿನಲ್ಲಿ ಡೆಕ್ಕನ್ನಿನ ಪುಲಾಚಿ ವಾಡಿಯಲ್ಲಿ ತಮ್ಮ ತಿಂಡಿಯ ಕೈಗಾಡಿಯನ್ನು ನೀರಿನಿಂದ ಸರಿಸಲು ಹೋದ ಮೂವರು ವಿದ್ಯುತ್ತು ತಗಲಿ ಸತ್ತರು. ಅವರು ನಮ್ಮ ಕಸುಬಿನವರು, ಬಂಧುಗಳೇ. ನೀರಿಗೆ ಇಳಿಯುವ ಮೊದಲು ಮೇನ್ ಸ್ವಿಚ್ ತೆಗೆಯಬೇಕು, ತುಂಡಾದ ತಂತಿಯ ಹತ್ತಿರ ಸುಳಿಯಬಾರದು. ಈ ಮಾತನ್ನು ಇಂದಿನ ಸಭೆಯಿಂದ ಮನೆಗೆ ಒಯ್ಯಿರಿ. ಕೈಗಾಡಿ ಹೋದರೆ ಇನ್ನೊಂದು ಬರುತ್ತದೆ.

ಕೆಲವರು ಕೇಳುತ್ತಾರೆ, ಮೊಬೈಲಿನಲ್ಲೇ ಎಚ್ಚರಿಕೆ ಬರುವಾಗ ಈ ತಗಡಿನ ಭೂತವೇಕೆ? ನಿಜ, 2023ರಲ್ಲಿ ಸರಕಾರ ಪರೀಕ್ಷೆಗೆ ಕಳಿಸಿದ ಸಂದೇಶದಿಂದ ಎಲ್ಲರ ಮೊಬೈಲೂ ಒಮ್ಮೆಲೇ ಕಿರುಚಿದ್ದು ನೆನಪಿದೆಯಲ್ಲ. ಅದು ಒಳ್ಳೆಯ ಏರ್ಪಾಡು, ಬೇಡವೆನ್ನುವುದಿಲ್ಲ. ಆದರೆ ಪಾತ್ರೆ ತೊಳೆಯುವ ಹುಡುಗನ ಮೊಬೈಲು ಎಲ್ಲಿರುತ್ತದೆ? ಕೆಲಸದ ಹೊತ್ತಿನಲ್ಲಿ ಗಲ್ಲಾದ ಡ್ರಾಯರಿನಲ್ಲಿ. ರಾತ್ರಿ? ಚಾರ್ಜಿನ ಪಾಯಿಂಟು ಇರುವಲ್ಲಿ. ಸಂದೇಶ ಬಂದರೂ ಓದುವುದು ಯಾವ ಭಾಷೆಯಲ್ಲಿ? ಇಂದು ನಮ್ಮ ಅಡುಗೆಮನೆಗಳಲ್ಲಿ ಕುಂದಾಪುರದ ಮಾಣಿಯ ಪಕ್ಕದಲ್ಲಿ ಒಡಿಶಾದವನಿದ್ದಾನೆ, ನೇಪಾಳದವನಿದ್ದಾನೆ, ಬಂಗಾಳದವನಿದ್ದಾನೆ. ಭಟ್ಟರು ಕೊಳಗ ಬಡಿದಾಗ ಅದು ಯಾವ ಭಾಷೆಯೆಂದು ಯಾರೂ ಕೇಳಲಿಲ್ಲ, ಎಲ್ಲರೂ ಎದ್ದರು.

ಇನ್ನು ಒಂದು ಎಚ್ಚರಿಕೆ ನಮ್ಮಂಥ ಹುಚ್ಚರಿಗೇ. ಸೈರನ್ನು ಆಟಿಕೆಯಲ್ಲ. ಸುಮ್ಮನೆ ಕೂಗಿಸಿ ಜನರನ್ನು ಓಡಿಸುವುದು ಅಪರಾಧ, ಅದಕ್ಕಿಂತ ದೊಡ್ಡದಾಗಿ ಪಾಪ. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆ ಎಲ್ಲರಿಗೂ ಗೊತ್ತು. 2025ರ ಮೇ ತಿಂಗಳಲ್ಲಿ ಸರಕಾರ ಟೀವಿಯವರಿಗೂ ಸೂಚನೆ ಕೊಟ್ಟಿತು, ಕಾರ್ಯಕ್ರಮದಲ್ಲಿ ಸೈರನ್ನಿನ ಸದ್ದನ್ನು ಬಳಸಬೇಡಿ, ಜನ ಅದಕ್ಕೆ ಒಗ್ಗಿಹೋದರೆ ನಿಜವಾದ ದಿನ ಕದಲುವುದಿಲ್ಲ ಎಂದು. ಆದ್ದರಿಂದ ನಾವು ಕೋಣೆಯಲ್ಲಿ ಪರೀಕ್ಷಿಸುವಾಗ ಗಾಳಿಯ ಬಾಯಿಗೆ ಗೋಣಿ ಸುತ್ತುತ್ತೇವೆ. ಬಾಯಿಬಿಟ್ಟು ಕೂಗಿಸುವುದು ವರ್ಷಕ್ಕೆ ಒಂದೆರಡು ಸಲ, ಊರ ಹೊರಗಿನ ಕಲ್ಲುಗಣಿಯಲ್ಲಿ, ಮೊದಲೇ ಪೋಲೀಸರಿಗೂ ಪಂಚಾಯತಿಗೂ ತಿಳಿಸಿ, ಒಪ್ಪಿಗೆ ಪಡೆದು, ಕಿವಿ ಮುಚ್ಚಿಕೊಂಡು. ಊರಿಗೆ ಎಚ್ಚರಿಕೆ ಕೊಡುವುದು ಅಧಿಕಾರಿಗಳ ಕೆಲಸ. ಅವರಿಗೆ ಕೈ ಬೇಕಾದರೆ, ತಿರುಗಿಸಬಲ್ಲ, ಗುಣಮಾಡಬಲ್ಲ ಎಂಟು ಕೈಗಳು ಇಲ್ಲಿವೆ. ನಾಗರಿಕ ರಕ್ಷಣೆಯ ಕಾಯಿದೆ 1968ರಿಂದ ಇದೆ, ಅದರಲ್ಲಿ ಸ್ವಯಂಸೇವಕರಿಗೆ ಜಾಗವೂ ಇದೆ. ನಮ್ಮ ಹೆಸರು ಬರೆಸಲು ಅರ್ಜಿ ಸಿದ್ಧಮಾಡಿದ್ದೇವೆ.

ಆದರೆ ನಮ್ಮ ಮನೆಯೊಳಗಿನ ಎಚ್ಚರಿಕೆಗೆ ಯಾರ ಅಪ್ಪಣೆಯೂ ಬೇಡ. ಅದಕ್ಕಾಗಿ ಈ ಸಭೆಯ ಮುಂದೆ ನಾಲ್ಕು ಮಾತು ಇಡುತ್ತೇವೆ. ನದಿ ಮತ್ತು ಓಢೆಗಳ ಹತ್ತಿರದ ಹೋಟೆಲುಗಳಲ್ಲಿ ಮಳೆಗಾಲದಲ್ಲಿ ಯಾರನ್ನೂ ನೆಲದ ಕೆಳಗೆ ಮಲಗಿಸಬಾರದೆಂದು ಧಣಿಗಳನ್ನು ಸಂಘವು ಕೇಳಬೇಕು. ಮಲಗುವ ಜಾಗದ ಬಾಗಿಲಲ್ಲಿ ಒಂದು ಗಂಟೆ, ಗಂಟೆಯಿಲ್ಲದಿದ್ದರೆ ಒಂದು ಕೊಳಗ ಮತ್ತು ಸೌಟು ತೂಗುಹಾಕಬೇಕು. ನೀರು ಬಿಡುವ ಸುದ್ದಿ ಇರುವ ರಾತ್ರಿ ಸರದಿಯ ಮೇಲೆ ಒಬ್ಬ ಎಚ್ಚರವಿರಬೇಕು, ಅವನ ಮೊಬೈಲು ಅವನ ಕೈಯಲ್ಲೇ ಇರಬೇಕು, ಮರುದಿನ ಅವನಿಗೆ ಅರ್ಧ ದಿನದ ರಜೆ ಸಿಗಬೇಕು. ಮೇನ್ ಸ್ವಿಚ್ ಎಲ್ಲಿದೆಯೆಂದು ಹೊಸದಾಗಿ ಸೇರಿದ ಹುಡುಗನಿಗೆ ಮೊದಲನೆಯ ದಿನವೇ, ಟೇಬಲಿನ ನಂಬರು ಕಲಿಸುವ ಮೊದಲೇ, ತೋರಿಸಬೇಕು.

ಧಣಿಗಳು ಇದಕ್ಕೆ ಖರ್ಚಾಗುತ್ತದೆಂದು ಹೇಳಲಾರರು. ಒಂದು ಕೊಳಗ, ಒಂದು ಸೌಟು ಯಾವ ಹೋಟೆಲಿನಲ್ಲಿ ಇಲ್ಲ?

ನಮ್ಮನ್ನು ಎಬ್ಬಿಸಿದ ಆ ಭಟ್ಟರು ಈಗ ಊರಿನಲ್ಲಿದ್ದಾರೆ, ಕೈ ನಡುಗುತ್ತದೆ. ಕಳೆದ ವರ್ಷ ಹೋದಾಗ ನಮ್ಮ ಸೈರನ್ನುಗಳ ಕಥೆ ಹೇಳಿದೆವು. ಬಹಳ ಹೊತ್ತು ಕೇಳಿ, "ಅಷ್ಟೆಲ್ಲ ಮಾಡಿದ್ದೀರಿ ಸರಿ ಮಕ್ಕಳೇ, ರಾತ್ರಿ ಎದ್ದಿರುವವರು ಯಾರು?" ಎಂದು ಕೇಳಿದರು. ಅಂದು ನಮ್ಮ ಹತ್ತಿರ ಉತ್ತರವಿರಲಿಲ್ಲ. ಇಂದು ಆ ಪ್ರಶ್ನೆಯನ್ನೇ ನಿಮ್ಮ ಮುಂದೆ ಇಟ್ಟಿದ್ದೇವೆ.

ಬರುವ ಭಾನುವಾರ ಮಧ್ಯಾಹ್ನ 3 ಗಂಟೆಗೆ, ಊಟದ ಗಿರಾಕಿ ಮುಗಿದ ಮೇಲೆ, ಸಂಘದ ಕೋಣೆಗೆ ಬನ್ನಿ. ಸರದಿಯ ಪಟ್ಟಿ ಅಲ್ಲೇ ಬರೆಯೋಣ. ಕೈಸೈರನ್ನನ್ನು ಬಿಚ್ಚಿ ಜೋಡಿಸುವುದನ್ನೂ ಕಲಿಸುತ್ತೇವೆ. ಹಳೆಯ ಅಂಗಿ ಹಾಕಿಕೊಂಡು ಬನ್ನಿ, ಗ್ರೀಸು ಹತ್ತಿದರೆ ಹೋಗುವುದಿಲ್ಲ.